ಪೈಪ್ ಹಾಕಿದರೆ ಸಾಲುಗಳು ಎಲ್ಲಿ ಹೋಗುತ್ತವೆ?

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹರಾಜು ನಡೆಯುವಾಗ ದರದ ಸಾಲುಗಳು ಒಂದು ಫೈಲಿಗೆ ಸೇರುತ್ತಾ ಹೋಗುತ್ತವೆ. ಲಿನಕ್ಸ್‌ನಲ್ಲಿ ಹೊಸ ಸಾಲು ಬಂದಂತೆ ತೋರಿಸುವ ‘ಟೇಲ್ -ಎಫ್’ ಹಾಕಿ, ‘ಗ್ರೆಪ್’ನಿಂದ ನಮ್ಮ ಮಂಡಿಯ ಸಾಲು ಮಾತ್ರ ತೆಗೆದರೆ ತಕ್ಷಣ ಕಾಣುತ್ತದೆ, ಬಣ್ಣವೂ ಇರುತ್ತದೆ. ಇನ್ನೊಂದು ಫೈಲಿನಲ್ಲೂ ಉಳಿಯಲಿ ಅಂತ ಕೊನೆಗೆ ‘ಟೀ’ ಸೇರಿಸಿದೆ. ಬಣ್ಣ ಹೋಯಿತು. ಅರ್ಧ ಗಂಟೆ ಕಾದರೂ ಒಂದು ಸಾಲೂ ಬರಲಿಲ್ಲ. ಟೀ ಕೆಟ್ಟಿದೆಯಾ?

ಉತ್ತರ: ಟೀ ತಪ್ಪೇನೂ ಇಲ್ಲ. ಸಾಲುಗಳು ಗ್ರೆಪ್ ಹತ್ತಿರವೇ ಕೂತಿವೆ.

ನಾನು ಬರೆಯುತ್ತಿರುವುದು ಟರ್ಮಿನಲ್‌ಗಾ (ಅಂದರೆ ನಿಮ್ಮ ಪರದೆಗಾ), ಬೇರೆ ಕಡೆಗಾ ಅಂತ ಇಂಥ ಪ್ರೋಗ್ರಾಂಗಳು ವಿಚಾರಿಸಿಕೊಳ್ಳುತ್ತವೆ. ಟರ್ಮಿನಲ್ ಆದರೆ ಸಾಲು ಮುಗಿದ ಕೂಡಲೇ ಕಳಿಸುತ್ತವೆ. ಪೈಪ್, ಅಂದರೆ ಒಂದು ಪ್ರೋಗ್ರಾಂ ಕೊಟ್ಟದ್ದನ್ನು ಇನ್ನೊಂದಕ್ಕೆ ಸಾಗಿಸುವ ದಾರಿ, ಆದರೆ ಕೂಡಿಹಾಕುತ್ತವೆ. ನಿಮ್ಮ ಮಂಡಿಯಲ್ಲೂ ಹಾಗೇ ಅಲ್ವಾ? ಎದುರಿಗೆ ನಿಂತವರಿಗೆ ಬಾಕ್ಸ್ ತಕ್ಷಣ ತೋರಿಸುತ್ತೀರಿ, ದೂರದ ಊರಿಗಾದರೆ ಲಾರಿ ತುಂಬಲಿ ಅಂತ ಕಾಯುತ್ತೀರಿ. ಲಿನಕ್ಸ್‌ನಲ್ಲಿ ಪೈಪಿನ ಲಾರಿ ಸಾಮಾನ್ಯವಾಗಿ 4096 ಬೈಟ್. ಸಾಲಿಗೆ 40 ಬೈಟ್ ಅಂದರೂ ನೂರು ಸಾಲು ಸೇರಬೇಕು. ಒಂದೇ ಮಂಡಿಯ ಸಾಲು ನೂರಾಗಲು ಹೊತ್ತು ಹಿಡಿಯುತ್ತದೆ.

ಪರಿಹಾರ ಸುಲಭ. ಗ್ರೆಪ್‌ಗೆ ‘--ಲೈನ್-ಬಫರ್ಡ್’ ಆಪ್ಷನ್ ಕೊಡಿ, ಸಾಲುಸಾಲಾಗಿ ಬರುತ್ತದೆ. ಇಂಥ ಆಪ್ಷನ್ ಇಲ್ಲದ ಪ್ರೋಗ್ರಾಂಗಳ ಮುಂದೆ ‘ಎಸ್‌ಟಿಡಿಬಫ್ -ಓಎಲ್’ ಹಾಕಿ ನೋಡಿ. ಎಲ್ಲದಕ್ಕೂ ಅದು ನಡೆಯುವುದಿಲ್ಲ. ಪೈಥಾನ್‌ಗೆ ಬೇರೆ ದಾರಿ, ‘-ಯು’.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಹಾಗೆ ಕಾಯುತ್ತಿರುವಾಗ ಬೇಸತ್ತು ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದರೆ ಗ್ರೆಪ್ ಕೈಯಲ್ಲಿದ್ದ ಸಾಲುಗಳು ಹೊಸ ಫೈಲಿಗೆ ಸೇರುವುದೇ ಇಲ್ಲ. ಮೂಲ ಫೈಲಿಗೆ ಏನೂ ಆಗಿರುವುದಿಲ್ಲ, ಅದರಿಂದ ಮತ್ತೆ ತೆಗೆದುಕೊಳ್ಳಿ. ದುಡ್ಡಿನ ಲೆಕ್ಕ ಅಂದ ಮೇಲೆ ಒಂದು ಸಾಲು ಬಿಟ್ಟುಹೋದರೂ ಸಂಜೆ ತಲೆಬಿಸಿ.

ಬಣ್ಣ ಹೋಗಿದ್ದೂ ಅದೇ ವಿಚಾರಣೆಯಿಂದ. ‘--ಕಲರ್=ಆಲ್ವೇಸ್’ ಅಂದರೆ ವಾಪಸ್ ಬರುತ್ತದೆ, ಆದರೆ ಬೇಡ. ಬಣ್ಣ ಅಂದರೆ ಸಾಲಿನೊಳಗೆ ಸೇರುವ ಗುಪ್ತ ಚಿಹ್ನೆಗಳು. ಕೆಂಪಿಗೆ 31, ಅಂಥವು. ಅವು ಉಳಿಸಿದ ಫೈಲಿಗೂ ಹೋಗುತ್ತವೆ. ನಾಳೆ ದರ ಕೂಡಿಸಲು ಹೊರಟಾಗ ಈ 31 ನಡುವೆ ಬಂದು ಕೂರುತ್ತದೆ.

ಫೈಲ್‌ಗಳ ಹೆಸರು ಪಟ್ಟಿ ಮಾಡುವ ‘ಎಲ್‌ಎಸ್’ ಕೂಡ ಹೀಗೇ. ಪರದೆಯಲ್ಲಿ ಹೆಸರುಗಳನ್ನು ಅಕ್ಕಪಕ್ಕ ಜೋಡಿಸುತ್ತದೆ, ಪೈಪಿಗೆ ಸಾಲಿಗೊಂದರಂತೆ ಕೊಡುತ್ತದೆ. ಮುಂದೆ ಸಾಲು ಎಣಿಸುವ ‘ಡಬ್ಲ್ಯುಸಿ -ಎಲ್’ ಹಾಕಿ ಫೈಲ್ ಎಣಿಸುತ್ತೇವಲ್ಲ, ಲೆಕ್ಕ ಸರಿ ಬರುವುದು ಅದರಿಂದಲೇ. ಯಾವುದೇ ಪ್ರೋಗ್ರಾಂ ಪೈಪಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ಮೊದಲೇ ನೋಡಬೇಕಾ? ಕೊನೆಗೆ ಸುಮ್ನೆ ಪೈಪ್ ಹಾಕಿ, ಬಂದದ್ದನ್ನು ಹಾಗೇ ಪರದೆಗೆ ಕೊಡುವ ‘ಕ್ಯಾಟ್’ ಸೇರಿಸಿ.