ಓದುಗರ ಪ್ರಶ್ನೆ, ನಮ್ಮ ಉತ್ತರ: ದಾಡಿ ಸೋಪಿನ ಪರಿಮಳ ಮತ್ತು ಬೋರಿನ ನೀರು

ಪ್ರಶ್ನೆ: ನಾನು ಪ್ರತಿದಿನ ಬೆಳಿಗ್ಗೆ ಬ್ರಷ್, ಗಟ್ಟಿ ಸೋಪು ಮತ್ತು ಒಂದೇ ಬ್ಲೇಡಿನ ಸೇಫ್ಟಿ ರೇಜರ್ ಬಳಸಿ ದಾಡಿ ಮಾಡಿಕೊಳ್ಳುವವನು. ಸದ್ಯ ನನ್ನ ಬಳಿ ಶ್ರೀಗಂಧ, ಲ್ಯಾವೆಂಡರ್ ಮತ್ತು ಲಿಂಬೆ ಪರಿಮಳದ ಮೂರು ಬೇರೆ ಬೇರೆ ಕಂಪನಿಗಳ ಸೋಪುಗಳಿವೆ. ಧಾರವಾಡದ ಅಕ್ಕನ ಮನೆಯಲ್ಲಿ ನಳದ ನೀರಿಗೆ ಗಂಧದ ಸೋಪು ದಟ್ಟವಾದ ನೊರೆ ಕೊಡುತ್ತದೆ. ನಮ್ಮ ಮನೆಯ ಬೋರಿನ ನೀರಿನಲ್ಲಿ ಅದೇ ನೊರೆ ಅರ್ಧ ಮುಖ ಮುಗಿಯುವಷ್ಟರಲ್ಲಿ ಒಣಗಿಹೋಗುತ್ತದೆ, ಪರಿಮಳವೂ ಕಡಿಮೆ ಅನ್ನಿಸುತ್ತದೆ. ಲಿಂಬೆಯ ಸೋಪು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತದೆ. ಮೂರರಲ್ಲಿ ಯಾವುದು ಉತ್ತಮ, ಇವನ್ನು ಸರಿಯಾಗಿ ಹೋಲಿಸುವುದು ಹೇಗೆ?
— ಒಬ್ಬ ಓದುಗ, ಬೆಟಗೇರಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಯಾವ ಸೋಪು ಚೆನ್ನಾಗಿ ದಾಡಿ ಮಾಡಿಸುತ್ತದೆ ಎಂಬುದು ಒಂದು, ಯಾವ ಪರಿಮಳ ನಿಮಗೆ ಹಿಡಿಸುತ್ತದೆ ಎಂಬುದು ಇನ್ನೊಂದು. ಸೋಪಿನಲ್ಲಿ ಸುಗಂಧದ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಭಾಗ ಮಾತ್ರ. ಕೂದಲನ್ನು ಮೆತ್ತಗೆ ಮಾಡುವುದು, ಬ್ಲೇಡು ಜಾರುವಂತೆ ಮಾಡುವುದು, ನೊರೆಯನ್ನು ಮುಖದ ಮೇಲೆ ನಿಲ್ಲಿಸುವುದು ಉಳಿದ ಭಾಗದ ಕೆಲಸ. ಆದ್ದರಿಂದ ಮೊದಲು ಪರಿಮಳವನ್ನು ಮರೆತು ಸೋಪನ್ನು ನೋಡೋಣ.

ಸ್ನಾನದ ಸೋಪಿನಲ್ಲಿ ಕೊಬ್ಬಿನ ಆಮ್ಲಗಳು ಬಹುಪಾಲು ಸೋಡಿಯಂ ಜೊತೆ ಸೇರಿರುತ್ತವೆ. ದಾಡಿ ಸೋಪಿನಲ್ಲಿ ಅದರೊಡನೆ ಪೊಟ್ಯಾಸಿಯಂ ಕೂಡ ಇರುತ್ತದೆ. ಪೊಟ್ಯಾಸಿಯಂ ಸೋಪು ಮೆದುವಾಗಿದ್ದು ನೀರಿನಲ್ಲಿ ಬೇಗ ಕರಗುವುದರಿಂದ ಬ್ರಷ್ಷಿಗೆ ಸುಲಭವಾಗಿ ಹತ್ತುತ್ತದೆ. ಎರಡನೆಯದಾಗಿ ಸ್ಟಿಯರಿಕ್ ಆಮ್ಲದ ಪ್ರಮಾಣ ಮುಖ್ಯ. ಕೊಬ್ಬರಿ ಎಣ್ಣೆಯಿಂದ ಬರುವ ಲಾರಿಕ್ ಆಮ್ಲ ದೊಡ್ಡ ದೊಡ್ಡ ಗುಳ್ಳೆಗಳ ನೊರೆಯನ್ನು ಕ್ಷಣದಲ್ಲಿ ಎಬ್ಬಿಸುತ್ತದೆ, ಆದರೆ ಆ ನೊರೆ ಬೇಗ ಇಳಿಯುತ್ತದೆ ಮತ್ತು ಚರ್ಮವನ್ನು ಒಣಗಿಸುತ್ತದೆ. ಸ್ಟಿಯರಿಕ್ ಆಮ್ಲದಿಂದ ಬರುವ ನೊರೆ ನಿಧಾನವಾಗಿ ಏಳುತ್ತದೆ, ಸಣ್ಣ ಗುಳ್ಳೆಗಳಿಂದ ದಟ್ಟವಾಗಿರುತ್ತದೆ ಮತ್ತು ಬಹಳ ಹೊತ್ತು ನಿಲ್ಲುತ್ತದೆ. ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಸ್ಟಿಯರಿಕ್ ಆಸಿಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅಥವಾ ಪೊಟ್ಯಾಸಿಯಂ ಸ್ಟಿಯರೇಟ್ ಎಂಬ ಹೆಸರುಗಳು ಆರಂಭದಲ್ಲಿಯೇ ಇದ್ದರೆ ಅದು ದಾಡಿಗಾಗಿಯೇ ಮಾಡಿದ ಸೋಪು. ಗ್ಲಿಸರಿನ್ ಇದ್ದರೆ ನೊರೆ ಬೇಗ ಒಣಗುವುದಿಲ್ಲ.

ಇನ್ನು ನೀರು. ಹುಬ್ಬಳ್ಳಿ-ಧಾರವಾಡದ ನಳಗಳಿಗೆ ಮುಖ್ಯವಾಗಿ ಬರುವುದು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಜಲಾಶಯದ ನೀರು. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ಬರುತ್ತದೆಯಾದರೂ ನಳ ಬಾರದ ದಿನಗಳಲ್ಲಿ ಬೋರಿನ ನೀರೇ ಗತಿ ಎಂಬುದು ನಿಮಗೆ ನಾನು ಹೇಳಬೇಕಾದ ಸಂಗತಿಯಲ್ಲ. ಬೋರಿನ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಕೂಡಿ ನೀರಿನಲ್ಲಿ ಕರಗದ ಬಿಳಿ ಕಲ್ಮಷವಾಗುತ್ತವೆ. ಮಗ್ಗಿನ ಒಳಗೋಡೆಗೆ ಅಂಟುವುದು ಅದೇ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಒಪ್ಪಿಗೆಯಿದೆ. 600 ಮಿಲಿಗ್ರಾಂ ಗಡಸುತನದ 100 ಮಿಲಿಲೀಟರ್ ನೀರು ಸುಮಾರು 0.4 ಗ್ರಾಂ ಸೋಪನ್ನು ನೊರೆಯಾಗುವ ಮೊದಲೇ ನುಂಗಿಬಿಡುತ್ತದೆ. ಒಂದು ದಾಡಿಗೆ ಬ್ರಷ್ಷಿಗೆ ಹತ್ತುವ ಸೋಪು ಒಂದು ಗ್ರಾಂ ಆಸುಪಾಸು ಇರುವುದರಿಂದ ಇದು ಸಣ್ಣ ನಷ್ಟವಲ್ಲ. ಪರಿಮಳ ಕಡಿಮೆ ಅನ್ನಿಸುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ: ಸುಗಂಧವನ್ನು ಮೂಗಿಗೆ ತಲುಪಿಸುವುದು ನೊರೆ, ನೊರೆಯೇ ಕುಸಿದರೆ ಸುಗಂಧ ಮೇಲೇಳುವುದಿಲ್ಲ.

ನಿಮ್ಮ ಲಿಂಬೆ ಸೋಪು ಎರಡೂ ಊರಿನಲ್ಲಿ ಒಂದೇ ರೀತಿ ಇರುವುದಕ್ಕೆ ಲಿಂಬೆ ಕಾರಣವಲ್ಲ. ಅದರ ಪಟ್ಟಿಯಲ್ಲಿ ಟೆಟ್ರಾಸೋಡಿಯಂ ಇಡಿಟಿಎ ಅಥವಾ ಎಟಿಡ್ರೊನೇಟ್ ಎಂಬ ಹೆಸರಿದೆಯೇ ನೋಡಿ. ಇವು ಕ್ಯಾಲ್ಸಿಯಮ್ಮನ್ನು ಮೊದಲೇ ಹಿಡಿದಿಟ್ಟು ಸೋಪನ್ನು ಕಾಪಾಡುತ್ತವೆ. ಬೋರಿನ ನೀರಿನ ಮನೆಯಲ್ಲಿ ಸೋಪು ಕೊಳ್ಳುವಾಗ ನಾನಾದರೆ ಪರಿಮಳದ ಹೆಸರಿಗಿಂತ ಮೊದಲು ಈ ಹೆಸರನ್ನೇ ಹುಡುಕುತ್ತೇನೆ.

ಗಂಧದ ಸೋಪನ್ನು ಬಿಡಬೇಕಾಗಿಲ್ಲ. ಓಣಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನು ಒಂದು ಸಣ್ಣ ಲೋಟದಷ್ಟು ತೆಗೆದಿಟ್ಟು, ಬ್ರಷ್ ನೆನೆಸುವುದಕ್ಕೆ ಮತ್ತು ನೊರೆ ಎಬ್ಬಿಸುವುದಕ್ಕೆ ಅದನ್ನೇ ಬಳಸಿ. ರೇಜರ್ ತೊಳೆಯಲು, ಕೊನೆಗೆ ಮುಖ ತೊಳೆಯಲು ಬೋರಿನ ನೀರು ಸಾಕು. ನೀರನ್ನು ಕುದಿಸಿದರೆ ಬೈಕಾರ್ಬನೇಟ್ ರೂಪದ ಗಡಸುತನ ಮಾತ್ರ ತಳಕ್ಕೆ ಇಳಿಯುತ್ತದೆ, ಸಲ್ಫೇಟ್ ಮತ್ತು ಕ್ಲೋರೈಡ್ ರೂಪದ್ದು ಹಾಗೆಯೇ ಉಳಿಯುತ್ತದೆ. ಕ್ಯಾನಿನ ನೀರೂ ಇಲ್ಲದ ದಿನ ಸೋಪು ಹೆಚ್ಚು, ನೀರು ಕಡಿಮೆ ಎಂಬುದೇ ದಾರಿ. ಬ್ರಷ್ಷನ್ನು ಚೆನ್ನಾಗಿ ಕೊಡವಿ, ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ, ಆಮೇಲೆ ಜೋಳದ ರೊಟ್ಟಿಯ ಹಿಟ್ಟಿಗೆ ಹದ ನೋಡಿ ನೀರು ಚಿಮುಕಿಸುವ ಹಾಗೆ ಹನಿ ಹನಿಯಾಗಿ ನೀರು ಸೇರಿಸುತ್ತ ಹೋಗಿ.

ಈಗ ಹೋಲಿಕೆಯ ಕ್ರಮ. ನೀರು, ರೇಜರ್ ಮತ್ತು ಬ್ಲೇಡಿನ ಕಂಪನಿ ಮೂರೂ ಬದಲಾಗಬಾರದು. ಹಳೆಯ ಬ್ಲೇಡಿನಲ್ಲಿ ಒಂದು ಸೋಪನ್ನು, ಹೊಸ ಬ್ಲೇಡಿನಲ್ಲಿ ಇನ್ನೊಂದನ್ನು ನೋಡಿ ತೀರ್ಪು ಕೊಡುವವರೇ ಹೆಚ್ಚು. ಅಂಥವರು ಹೊಗಳುತ್ತಿರುವುದು ಬ್ಲೇಡನ್ನು. ಎರಡು ಸೋಪುಗಳ ಜಾರುಗುಣವನ್ನು ನೋಡಬೇಕೆಂದಿದ್ದರೆ ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು ಹಚ್ಚಿ, ಮರುದಿನ ಅದಲುಬದಲು ಮಾಡಿ. ಪರಿಮಳವನ್ನು ಮಾತ್ರ ಹೀಗೆ ಅಕ್ಕಪಕ್ಕ ಇಟ್ಟು ನೋಡಬಾರದು, ಮೂಗು ಒಂದು ವಾಸನೆಗೆ ಬೇಗ ಒಗ್ಗಿಹೋಗುತ್ತದೆ. ಒಂದು ವಾರ ಒಂದೇ ಸೋಪು ಬಳಸಿ, ಒಣ ಸೋಪಿನ ವಾಸನೆ, ನೊರೆಯ ವಾಸನೆ, ಮುಖ ತೊಳೆದ ಮೇಲೆ ಉಳಿಯುವ ವಾಸನೆ ಈ ಮೂರನ್ನೂ ಬೇರೆ ಬೇರೆಯಾಗಿ ಗಮನಿಸಿ.

ಲಿಂಬೆಯ ಕಂಪಿನ ಬೆನ್ನೆಲುಬಾದ ಲಿಮೊನೀನ್ ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಹಗುರ ವಸ್ತು. ಅದು ಡಬ್ಬಿ ತೆರೆದ ಕೂಡಲೇ ಹೊಡೆಯುತ್ತದೆ, ಬಿಸಿನೀರು ತಾಗಿದರೆ ಇನ್ನೂ ಜೋರಾಗುತ್ತದೆ, ಟವೆಲ್ಲಿನಿಂದ ಮುಖ ಒರೆಸುವಷ್ಟರಲ್ಲಿ ಹಾರಿಹೋಗುತ್ತದೆ. ಸಾಲದ್ದಕ್ಕೆ ಲಿಂಬೆಯ ತಾಜಾತನ ಕೊಡುವ ಸಿಟ್ರಾಲ್ ಸೋಪಿನ ಕ್ಷಾರದಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಲ್ಯಾವೆಂಡರಿನಲ್ಲಿರುವ ಲಿನಲೂಲ್ 198 ಡಿಗ್ರಿಯಲ್ಲಿ ಕುದಿಯುತ್ತದೆ. ಅದರ ಕಂಪು ಹದವಾಗಿ ಏಳುತ್ತದೆ, ಹದವಾಗಿಯೇ ಇಳಿಯುತ್ತದೆ, ಬೆಳಗಿನ ಹೊತ್ತಿಗೆ ನನಗಂತೂ ಸ್ವಲ್ಪ ನಿದ್ದೆಯ ವಾಸನೆಯೆನ್ನಿಸುತ್ತದೆ. ಶ್ರೀಗಂಧದ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿಯಲ್ಲಿ. ಹಾಗಾಗಿ ಒಣ ಸೋಪನ್ನು ಮೂಸಿದಾಗ ಅದು ಮಂಕಾಗಿ ಕಾಣುತ್ತದೆ, ನೊರೆಯಲ್ಲಿ ಮೆಲ್ಲಗೆ ತೆರೆದುಕೊಳ್ಳುತ್ತದೆ, ಮುಖ ತೊಳೆದ ಮೇಲೂ ಕೆನ್ನೆಯಲ್ಲಿ ಉಳಿಯುತ್ತದೆ. ಅಂಗಡಿಯಲ್ಲಿ ಮೂಸಿ ನೋಡಿ ಕೊಳ್ಳುವವರು ಲಿಂಬೆಯನ್ನೇ ಆರಿಸುತ್ತಾರೆ, ಬಳಸಿ ನೋಡಿದವರು ಗಂಧಕ್ಕೆ ಬರುತ್ತಾರೆ ಎಂಬುದು ನನ್ನ ಅನಿಸಿಕೆ. ಆದರೆ ಡಬ್ಬಿಯ ಮೇಲೆ ಗಂಧದ ಚಿತ್ರವಿದ್ದ ಮಾತ್ರಕ್ಕೆ ಒಳಗೆ ಶ್ರೀಗಂಧದ ಎಣ್ಣೆಯಿದೆ ಎಂದು ನಂಬಬೇಡಿ. ಎಣ್ಣೆ ಬಹಳ ದುಬಾರಿಯಾದ್ದರಿಂದ ಹೆಚ್ಚಿನ ಸೋಪುಗಳಲ್ಲಿ ಇರುವುದು ಪ್ರಯೋಗಾಲಯದಲ್ಲಿ ಮಾಡಿದ ಗಂಧದ ಪರಿಮಳ. ಅದರಿಂದ ದಾಡಿಗೆ ಯಾವ ತೊಂದರೆಯೂ ಇಲ್ಲ, ಬೆಲೆ ಕೊಡುವಾಗ ಮಾತ್ರ ಇದು ನೆನಪಿರಲಿ.

ಕೇಳಿದ್ದಕ್ಕೆ ನೇರ ಉತ್ತರ: ಬೆಟಗೇರಿಯ ನೀರಿಗೆ ನಿಮ್ಮ ಲಿಂಬೆ ಸೋಪು, ಕ್ಯಾನಿನ ನೀರು ಇರುವ ದಿನ ಗಂಧದ್ದು. ಲ್ಯಾವೆಂಡರ್ ಸೋಪಿನ ನಡತೆಯನ್ನು ನೀವು ಬರೆದಿಲ್ಲ. ಅದು ಯಾವ ಸಾಲಿಗೆ ಸೇರುತ್ತದೆಂಬುದು ಮೇಲಿನ ಕ್ರಮದಲ್ಲಿ ಒಂದು ವಾರ ಬಳಸಿದರೆ ತಿಳಿಯುತ್ತದೆ.

ಪ್ರಶ್ನೆ: ನಾನು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತೇನೆ. ಸುಗ್ಗಿಯ ದಿನಗಳಲ್ಲಿ ಸಂಜೆ ಮನೆಗೆ ಬಂದು ದಾಡಿ ಮಾಡಿಕೊಂಡರೆ ಮುಖ ಉರಿಯುತ್ತದೆ. ತಂಪಾಗಲಿ ಎಂದು ಪುದೀನದ ಪರಿಮಳವಿರುವ, ಮೆಂಥಾಲ್ ಸೋಪು ತಂದೆ. ಹಚ್ಚಿದಾಗ ಹಾಯೆನಿಸಿದರೂ ತೊಳೆದ ಮೇಲೆ ಉರಿ ಮತ್ತೆ ಬರುತ್ತದೆ. ಬೇರೆ ಸೋಪು ತರಬೇಕೇ?
— ಒಬ್ಬ ಓದುಗ, ಬ್ಯಾಡಗಿ

ಉತ್ತರ: ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ, ಆದರೂ ದಿನವಿಡೀ ಅದರ ಧೂಳಿನಲ್ಲಿ ನಿಂತವರ ಮುಖದಲ್ಲಿ ಖಾರದ ಅಂಶವಾದ ಕ್ಯಾಪ್ಸೈಸಿನ್ ಕೂರದೆ ಇರುವುದಿಲ್ಲ. ಚರ್ಮದ ನರಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನು ಅದು ಕೆರಳಿಸುತ್ತದೆ, ಅದಕ್ಕೇ ಸುಟ್ಟ ಹಾಗೆ ಉರಿಯುವುದು. ಮೆಂಥಾಲ್ ಕೆರಳಿಸುವುದು ತಂಪನ್ನು ಗುರುತಿಸುವ ಬೇರೊಂದು ಗ್ರಾಹಕವನ್ನು. ಚರ್ಮದ ಉಷ್ಣತೆ ಇಳಿಯದೆಯೇ ತಂಪೆನಿಸುತ್ತದೆ, ಖಾರ ಇದ್ದಲ್ಲಿಯೇ ಇರುತ್ತದೆ. ತಂಪಿನ ಅನುಭವ ಕಳೆದ ಮೇಲೆ ಉರಿ ಕಾಣಿಸುವುದು ಸಹಜ.

ನಿಮಗೆ ಬೇಕಾದದ್ದು ಬೇರೆ ಪರಿಮಳವಲ್ಲ, ಬೇರೆ ಹೊತ್ತು. ದಾಡಿಯನ್ನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಕನಿಷ್ಠ ಒಂದೆರಡು ಗಂಟೆ ಮೊದಲು, ಇಲ್ಲವೇ ರಜೆಯ ದಿನ ಮಾಡಿಕೊಳ್ಳಿ. ಸಂಜೆಯೇ ಆಗಬೇಕೆಂದರೆ ಮೊದಲು ಕೈಗಳನ್ನು, ಆಮೇಲೆ ಮುಖವನ್ನು ಸೋಪಿನಿಂದ ಎರಡು ಸಲ ತೊಳೆಯಿರಿ. ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಬರೀ ನೀರಿಗೆ ಹೋಗುವುದಿಲ್ಲ. ಸುಗ್ಗಿ ಮುಗಿಯುವವರೆಗೆ ಮೆಂಥಾಲ್, ನೀಲಗಿರಿ ಎಣ್ಣೆ, ಲಿಂಬೆ ಇರುವ ಸೋಪುಗಳನ್ನೂ ಸ್ಪಿರಿಟ್ ಇರುವ ಆಫ್ಟರ್‌ಶೇವನ್ನೂ ದೂರವಿಡಿ. ಇಟಲಿಯ ಪ್ರೊರಾಸೊದಂಥ ಕಂಪನಿಗಳು ಮೆಂಥಾಲ್-ನೀಲಗಿರಿಯ ಹಸಿರು ಡಬ್ಬಿಯ ಜೊತೆಗೆ ಸೂಕ್ಷ್ಮ ಚರ್ಮಕ್ಕೆಂದು ಬಿಳಿ ಡಬ್ಬಿಯ ಬೇರೊಂದು ಬಗೆಯನ್ನೂ ಮಾರುತ್ತವೆ. ಅಷ್ಟು ದೂರ ಹೋಗಬೇಕಾಗಿಲ್ಲ, ಪರಿಮಳವಿಲ್ಲದ ಯಾವುದೇ ದಾಡಿ ಸೋಪು ನಡೆಯುತ್ತದೆ. ಉರಿಯ ಜೊತೆಗೆ ಕೆಂಪು ಗುಳ್ಳೆಗಳು, ತುರಿಕೆ ದಿನಗಟ್ಟಲೆ ಉಳಿದರೆ ಅದು ಸುಗಂಧದ ಅಲರ್ಜಿಯಾಗಿರಬಹುದು, ಚರ್ಮದ ವೈದ್ಯರಿಗೆ ತೋರಿಸಿ. ಹೋಗುವಾಗ ಸೋಪಿನ ಡಬ್ಬಿಯನ್ನೂ ಒಯ್ಯಿರಿ. ಯುರೋಪಿನ ನಿಯಮದಂತೆ ತಯಾರಾದ ಸೋಪಾದರೆ ಲಿನಲೂಲ್, ಜೆರಾನಿಯಾಲ್, ಕೂಮರಿನ್ ಮುಂತಾದ ಅಲರ್ಜಿಕಾರಕಗಳು ನಿಗದಿತ ಮಿತಿ ಮೀರಿದಾಗ ಅವುಗಳ ಹೆಸರನ್ನು ಪಟ್ಟಿಯಲ್ಲಿ ಬರೆಯಲೇಬೇಕು, ಅದರಿಂದ ವೈದ್ಯರಿಗೆ ಅನುಕೂಲವಾಗುತ್ತದೆ.

ಪ್ರಶ್ನೆ: ಮನೆಯಲ್ಲಿ ಮೊದಲಿನಿಂದಲೂ ಮೈಸೂರು ಸ್ಯಾಂಡಲ್ ಸೋಪು ಬಳಸುತ್ತೇವೆ. ಅದರ ಪರಿಮಳ ಬೇರಾವ ದಾಡಿ ಸೋಪಿನಲ್ಲೂ ಸಿಗುತ್ತಿಲ್ಲ. ಅದರಿಂದಲೇ ದಾಡಿ ಮಾಡಿಕೊಂಡರೆ ತಪ್ಪೇನು?
— ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಪ್ಪಿಲ್ಲ, ಆದರೆ ಹಿತವಿಲ್ಲ. ಮೈಸೂರಿನಲ್ಲಿ 1916ರಲ್ಲಿ ಶ್ರೀಗಂಧದ ಎಣ್ಣೆ ತೆಗೆಯುವ ಕಾರ್ಖಾನೆ ಆರಂಭವಾಗಿ, ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸೋಪು ತಯಾರಿಕೆ ಶುರುವಾದಾಗಲೂ ಅದನ್ನು ಮಾಡಿದ್ದು ಮೈ ತೊಳೆಯುವುದಕ್ಕೆ. ಅದರ ನೊರೆಯನ್ನು ಬೇಗ ತೊಳೆದುಹೋಗುವಂತೆ ಹೊಂದಿಸಿದ್ದಾರೆ, ದಾಡಿಗೆ ಬೇಕಾದದ್ದು ಐದು ನಿಮಿಷ ಕದಲದ ನೊರೆ. ಅದನ್ನು ಬಿಡದೆ ಬಳಸುವ ದಾರಿಯೊಂದಿದೆ: ದಾಡಿಗೆ ಮುಂಚೆ ಬಿಸಿನೀರು ಮತ್ತು ಆ ಸೋಪಿನಿಂದ ಮುಖವನ್ನು ಎರಡು ಮೂರು ನಿಮಿಷ ನಿಧಾನವಾಗಿ ತೊಳೆಯಿರಿ. ಕೂದಲು ನೀರು ಕುಡಿದು ಮೆತ್ತಗಾಗಲು ಅಷ್ಟು ಹೊತ್ತು ಹೇಗೂ ಬೇಕು. ಆಮೇಲೆ ಪರಿಮಳವಿಲ್ಲದ ದಾಡಿ ಸೋಪು ಹಚ್ಚಿದರೆ ಗಂಧದ ಕಂಪು ಕೆಳಗಿನಿಂದ ಬರುತ್ತಿರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ಸೋಪು ಡಬ್ಬಿಯೊಳಗೇ ಬೆವರುತ್ತದೆ, ಬಣ್ಣ ಕಂದಾಗುತ್ತದೆ. ಹಾಳಾಗಿದೆಯೇ?
— ಒಬ್ಬ ಓದುಗ, ಮಾಳಮಡ್ಡಿ, ಧಾರವಾಡ

ಉತ್ತರ: ಬೆವರುವುದು ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ. ಕಂದು ಬಣ್ಣ ಹೆಚ್ಚಾಗಿ ಪರಿಮಳದಲ್ಲಿರುವ ವೆನಿಲಿನ್‌ನದು. ಎರಡರಿಂದಲೂ ಸೋಪು ಕೆಡುವುದಿಲ್ಲ. ಹಳೆಯ ಎಣ್ಣೆಯ ಕಮಟು ವಾಸನೆ ಬಂದಿದ್ದರೆ ಮಾತ್ರ ಎಸೆಯಿರಿ. ಬಳಸಿದ ಮೇಲೆ ಉಳಿದ ನೊರೆಯನ್ನು ತೊಳೆದು, ಸೋಪು ಪೂರ್ತಿ ಒಣಗುವವರೆಗೆ ಡಬ್ಬಿಯ ಮುಚ್ಚಳ ತೆರೆದಿಡಿ, ಒಣಗಿದ ಮೇಲೆ ಮುಚ್ಚಿ. ತೆರೆದೇ ಬಿಟ್ಟರೆ ಪರಿಮಳ ಹಾರಿಹೋಗುತ್ತದೆ, ಒದ್ದೆಯಿದ್ದಾಗ ಮುಚ್ಚಿದರೆ ಬೂಸು ಬರುತ್ತದೆ. ಬ್ರಷ್ಷನ್ನು ಅದೇ ಡಬ್ಬಿಯಲ್ಲಿ ಇಡಬೇಡಿ, ಕೊಡವಿ ಗಾಳಿಯಾಡುವ ಕಡೆ ನಿಲ್ಲಿಸಿ.