ನಿಮ್ಮ ವೀರಭಾನು ಕೈಗೆ ಕತ್ತಿ ಯಾಕೆ?

ನಮಸ್ಕಾರ.

ನಿಮ್ಮ ‘ಕೊನೆಯ ಖಡ್ಗ’ ಕತೆಯನ್ನು ಎರಡು ಸಲ ಓದಿದೆ. ಮೊದಲನೇ ಸಲ ಖುಷಿಯಿಂದ, ಎರಡನೇ ಸಲ ಸಿಟ್ಟಿನಿಂದ. ಭಾಷೆ ಚೆನ್ನಾಗಿದೆ. ಅಜ್ಜಿ ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಕೈಯಲ್ಲಿ ಉಳಿದ ಎಣ್ಣೆಯನ್ನು ತಲೆಗೆ ಒರೆಸಿಕೊಳ್ಳುತ್ತಾಳಲ್ಲ, ಆ ಸಾಲು ನನಗೆ ಹೊಳೆಯುತ್ತಿರಲಿಲ್ಲ. ಹೊಗಳಿಕೆ ಇಷ್ಟೇ. ಇನ್ನು ಜಗಳ.

ನಿಮ್ಮ ರುದ್ರಾವತಿ ಕಲ್ಪನೆಯ ರಾಜ್ಯ. ಅಲ್ಲಿಗೆ ಕೋವಿ ಬಂದು ನೂರು ವರ್ಷ ಆಗಿದೆ, ರೈಲೂ ಓಡುತ್ತದೆ. ಬತ್ತಿ ಹಚ್ಚುವ ಕೋವಿಯ ಕಾಲದಲ್ಲಿ ರೈಲು ಎಲ್ಲಿಂದ ಬಂತು ಅಂತ ನಾನು ಕೇಳುವುದಿಲ್ಲ. ನಿಮ್ಮ ಲೋಕ, ನಿಮ್ಮಿಷ್ಟ. ಆದರೆ ನಾಲ್ಕನೇ ಪುಟದ ಈ ಮೂರು ಸಾಲು ನೋಡಿ:

“ನಲವತ್ತು ಕೋವಿಗಳು ಒಟ್ಟಿಗೆ ಗರ್ಜಿಸಿದವು. ವೀರಭಾನು ನಸುನಗುತ್ತ ಗುಂಡುಗಳನ್ನು ಕತ್ತಿಯಿಂದಲೇ ತಡೆದ. ಸೈನಿಕರು ಮತ್ತೆ ಮತ್ತೆ ಹಾರಿಸಿದರು.”

‘ಗರ್ಜಿಸಿದವು’ ಸವೆದ ಪದ, ಇರಲಿ ಬಿಡಿ. ‘ನಸುನಗುತ್ತ’ ಬೇಡ. ನಲವತ್ತು ನಳಿಗೆ ಎದುರಿಗಿದ್ದಾಗ ನಗುವವನ ಮೇಲೆ ಓದುಗನಿಗೆ ಭಯವೂ ಹುಟ್ಟುವುದಿಲ್ಲ, ಪ್ರೀತಿಯೂ ಹುಟ್ಟುವುದಿಲ್ಲ. ನಾನು ಪೆನ್ನು ಕೆಳಗಿಟ್ಟಿದ್ದು ‘ಮತ್ತೆ ಮತ್ತೆ’ಗೆ. ಬತ್ತಿ ಕೋವಿಯನ್ನು ಮತ್ತೆ ಮತ್ತೆ ಹಾರಿಸುವುದು ಹೇಗೆ? ನಳಿಗೆಗೆ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಸರಳಿನಿಂದ ಜಡಿಯಬೇಕು. ಕೋವಿಯ ಕಿವಿ, ಅಂದರೆ ಬೆಂಕಿ ಒಳಗೆ ಹೋಗುವ ತೂತಿನ ಹತ್ತಿರ ಸಣ್ಣ ಮದ್ದು ಇಟ್ಟು, ಬತ್ತಿ ಊದಿ ಕೆಂಡ ಮಾಡಿಕೊಂಡು, ಆಮೇಲೆ ಗುರಿ. ಪಳಗಿದ ಕೈಗೂ ಅರ್ಧ ನಿಮಿಷ ಹಿಡಿಯುತ್ತದೆ. ಮಳೆ ಬಂದರೆ ಅದೂ ಇಲ್ಲ.

ನಿಮ್ಮ ಕತ್ತಿ ಬದುಕಿರುವುದೇ ಆ ಅರ್ಧ ನಿಮಿಷದಲ್ಲಿ. ‘ಒಟ್ಟಿಗೆ’ ಅನ್ನೋ ಚಿನ್ನದಂಥ ಪದವನ್ನು ನೀವೇ ಬರೆದು, ಎರಡೇ ಸಾಲಿನಲ್ಲಿ ಅದನ್ನು ಗುಡಿಸಿ ಹಾಕಿಬಿಟ್ಟಿರಿ.

1520ರ ರಾಯಚೂರು ನೆನಪಿಸಿಕೊಳ್ಳಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅದನ್ನು ಬರೆದಿಟ್ಟಿದ್ದಾನೆ. ಬಿಜಾಪುರದ ಆದಿಲ್ ಶಾಹನ ಹತ್ತಿರ ಫಿರಂಗಿ ಬಲ ಜಾಸ್ತಿ. ಅವನ ಕಡೆಯವರು ಎಲ್ಲವನ್ನೂ ಒಟ್ಟಿಗೆ ಹಾರಿಸಿದರು. ವಿಜಯನಗರದ ಮುಂದಿನ ಸಾಲು ಚೆಲ್ಲಾಪಿಲ್ಲಿಯಾಯಿತು. ಆದರೆ ಒಟ್ಟಿಗೆ ಹಾರಿಸಿದವರು ಒಟ್ಟಿಗೇ ತುಂಬಬೇಕು, ಅಲ್ವಾ? ಕೃಷ್ಣದೇವರಾಯ ಹಿಂದಿನ ಪಡೆಯನ್ನು ಕರೆದುಕೊಂಡು ನುಗ್ಗಿದ. ಆದಿಲ್ ಶಾಹನ ಸೈನ್ಯ ಹೊಳೆಯ ತನಕ ಓಡಿತು. ಆಮೇಲೆ ಅದೇ ರಾಯಚೂರಿನ ಕೋಟೆಗೋಡೆ ಮೇಲಿದ್ದವರನ್ನು ಗುರಿಯಿಟ್ಟು ಉರುಳಿಸಿದ್ದು ಪೋರ್ಚುಗೀಸರ ಕೋವಿಗಳು. ಬಯಲಲ್ಲಿ ಕತ್ತಿ, ಗೋಡೆ ಹತ್ತಿರ ಕೋವಿ. ಒಂದೇ ಯುದ್ಧ, ಒಂದೇ ಸೈನ್ಯ.

ಹಾಗಾಗಿ ನಲವತ್ತೂ ಹಾರಲಿ. ವೀರಭಾನು ಕಂಬದ ಹಿಂದೆ ಬಿದ್ದುಕೊಂಡಿರಲಿ, ಪಕ್ಕದವನು ಸಾಯಲಿ, ಹೊಗೆ ತುಂಬಲಿ. ಆಮೇಲೆ ಸರಳು ಜಡಿಯುವ ಸದ್ದು ಕೇಳಿಸಲಿ. ಆಗ ಅವನು ಎದ್ದು ಓಡಬೇಕು.

ಇಷ್ಟು ರೇಗೋದಕ್ಕೆ ಕಾರಣ ಇದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೂ ಒಂದು ಪಾಳೆಯಗಾರನ ಕತೆ ಬರೆದು ವಾರಪತ್ರಿಕೆಯೊಂದಕ್ಕೆ ಕಳಿಸಿದ್ದೆ. ಉತ್ತರವಾಗಿ ಒಂದು ಕಾರ್ಡು ಬಂತು: “ಬಂಟ ಬಲಗೈಯವನು, ಉದ್ದದ ಕತ್ತಿ ಬಲಸೊಂಟದಲ್ಲಿ. ಹಿರಿದದ್ದು ಹೇಗೆ?” ಅಷ್ಟೇ. ಕೆಳಗೆ ಸಹಿಯೂ ಇರಲಿಲ್ಲ. ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ. ಆಮೇಲೆ ಅಡಿಗೆಮನೆಯಿಂದ ಒಲೆ ಊದುವ ಕೊಳವೆ ತಂದು, ಬಲಗಡೆ ಪಂಚೆಗೆ ಸಿಕ್ಕಿಸಿಕೊಂಡು, ಬಲಗೈಯಲ್ಲೇ ಎಳೆದು ನೋಡಿದೆ. ಮೊಣಕೈ ಹೋಗಿ ಗೋಡೆಗೆ ಬಡಿಯಿತು. ಅಮ್ಮ ನಕ್ಕಳು.

ಅದೇ ವರ್ಷ ಆಯುಧಗಳನ್ನು ಪೂಜಿಸುವ ಕೈಲ್‌ಪೋದ್ ಹಬ್ಬಕ್ಕೆ ಕೊಡಗಿನ ಗೆಳೆಯನ ಮನೆಗೆ ಹೋದೆ. ದೇವರ ಮುಂದೆ ಕೋವಿಗಳನ್ನು ಒರಗಿಸಿಟ್ಟಿದ್ದರು, ನಳಿಗೆಗೆ ತೋಕ್‌ಪೂ ಅನ್ನೋ ಹೂ ಸಿಕ್ಕಿಸಿ. ಪಕ್ಕದಲ್ಲೇ ಒಡಿಕತ್ತಿ. ಗೆಳೆಯನ ಅಜ್ಜ ಅದನ್ನು ನನ್ನ ಕೈಗೆ ಕೊಟ್ಟರು. ಭಾರವೆಲ್ಲ ಮುಂದಕ್ಕಿದೆ, ಮಣಿಕಟ್ಟು ತಾನಾಗಿ ಬಾಗಿತು. ಹರಿತ ಇರುವುದು ಬಾಗಿನ ಒಳಗಡೆಗೆ. ಅದನ್ನು ಸಿಕ್ಕಿಸಿಕೊಳ್ಳುವುದು ಬೆನ್ನಿಗೆ. ಎಡವೋ ಬಲವೋ ಅನ್ನೋ ನನ್ನ ಪ್ರಶ್ನೆಯೇ ಅಲ್ಲಿ ಬಿದ್ದುಹೋಯಿತು! “ಇದರಿಂದ ಈಗ ಏನು ಮಾಡ್ತೀರಿ?” ಅಂತ ಕೇಳಿದೆ. “ಮದುವೇಲಿ ಬಾಳೆ ಕಡೀತೀವಿ” ಅಂದರು. ಬೇಟೆಗೆ ಕೋವಿ, ಮದುವೆಗೆ ಕತ್ತಿ. ಅದರಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ.

ಇದನ್ನು ಹೇಳಿದ್ದು ನಿಮ್ಮ ಒಂಬತ್ತನೇ ಪುಟಕ್ಕಾಗಿ. ವೀರಭಾನು ಸೊಂಟದಲ್ಲಿ ಕತ್ತಿ ಕಟ್ಟಿಕೊಂಡು ರೈಲು ಹತ್ತುತ್ತಾನೆ. “ಯಾರೂ ಅವನತ್ತ ನೋಡಲಿಲ್ಲ” ಅಂತ ಬರೆದಿದ್ದೀರಿ. ಯಾಕೆ ನೋಡಲಿಲ್ಲ? ನಿಮ್ಮ ರಾಜ್ಯದಲ್ಲಿ ಕತ್ತಿ ಕಟ್ಟುವ ಹಕ್ಕು ಯಾರಿಗಿದೆ? ಜಪಾನಿನಲ್ಲಿ 1876ರಲ್ಲಿ ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ಸರ್ಕಾರ ನಿಷೇಧಿಸಿತು. ಮರುವರ್ಷ ಸತ್ಸುಮಾ ಪ್ರಾಂತ್ಯದ ಸಮುರಾಯ್‌ಗಳು ದಂಗೆ ಎದ್ದರು. ತಬಾರುಜಾಕಾ ಗುಡ್ಡದ ಮೇಲೆ ಅವರು ಕತ್ತಿ ಹಿರಿದು ಮೈಮೇಲೆ ಬಿದ್ದಾಗ, ಸರ್ಕಾರವೂ ಪೊಲೀಸರಲ್ಲಿ ಕತ್ತಿ ಬಲ್ಲವರನ್ನು ಆರಿಸಿ ಒಂದು ತುಕಡಿ ಕಟ್ಟಬೇಕಾಯಿತು. ನಿಷೇಧ ಹೊರಡಿಸಿದವರ ಕೈಗೇ ಕತ್ತಿ. ಇಂಥದ್ದೊಂದು ನಿಮ್ಮ ರೈಲು ಡಬ್ಬಿಯಲ್ಲಿ ನಡೆಯಲಿ. ಟಿಕೆಟ್ ನೋಡುವವನು ಕತ್ತಿಗೆ ಪರವಾನಗಿ ಕೇಳಲಿ. ಎದುರು ಸೀಟಿನ ಹುಡುಗ ಮುಟ್ಟಿ ನೋಡಲಿ. ಮುದುಕನೊಬ್ಬ ಎದ್ದು ಕೈ ಮುಗಿಯಲಿ. ಕೊನೇ ಪಕ್ಷ ಕೂರುವಾಗ ಒರೆ ಸೀಟಿಗೆ ಸಿಕ್ಕಿಹಾಕಿಕೊಳ್ಳಲಿ ಮಾರಾಯ್ರೇ!

ರಾಜಕುಮಾರಿಯ ಪ್ರೇಮ, ಮಂತ್ರಿಯ ಸಂಚು, ಇವುಗಳ ಬಗ್ಗೆ ನಾನು ಏನೂ ಹೇಳಿಲ್ಲ. ಅವು ಇದ್ದಂತೆ ಇರಲಿ, ನನಗೆ ಅದರಲ್ಲಿ ಆಸಕ್ತಿ ಇಲ್ಲ. ನಾಲ್ಕು ಮತ್ತು ಒಂಬತ್ತನೇ ಪುಟ ಮಾತ್ರ ತಿದ್ದಿ ದೀಪಾವಳಿಯ ಒಳಗೆ ಕಳಿಸಿ. ಅಜ್ಜಿಯ ಎಣ್ಣೆಯ ಸಾಲನ್ನು ಮುಟ್ಟಬೇಡಿ.

ಹಾಂ, ಇನ್ನೊಂದು. ಒಂಬತ್ತನೇ ಪುಟದಲ್ಲಿ ಕತ್ತಿ ಅವನ ಎಡಸೊಂಟದಲ್ಲಿದೆ, ಹನ್ನೊಂದರಲ್ಲಿ ಬಲಕ್ಕೆ ಬಂದಿದೆ. ನಿಮ್ಮ ಅಡಿಗೆಮನೆಯಲ್ಲಿ ಊದುಕೊಳವೆ ಇರಲಿಕ್ಕಿಲ್ಲ, ಲಟ್ಟಣಿಗೆ ಆದರೂ ನಡೆಯುತ್ತದೆ.