ನಲವತ್ತು ಹೆಸರು ಬೇಡ, ಐದು ಸಾಕು

ನಮಸ್ಕಾರ.

'ಮೈಸೂರು ಮಣ್ಣಿನ ಮಹನೀಯರು' ಅನ್ನುವ ನಿಮ್ಮ ಲೇಖನ ತಲುಪಿತು. ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರದುದ್ದಕ್ಕೂ ಹೊಗಳಿ ಕೊನೇ ಸಾಲಿನಲ್ಲಿ 'ಬೇಡ' ಅನ್ನುವುದು ಬರೆದವರಿಗೆ ಮಾಡುವ ಅನ್ಯಾಯ. ಆದರೆ ವಿಷಯ ಚೆನ್ನಾಗಿದೆ, ಊರಿನ ಮೇಲೆ ನಿಮಗಿರುವ ಪ್ರೀತಿಯೂ ಕಾಣುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಕಳಿಸಿದ್ದು ನಲವತ್ತು ಜನರ ಹೆಸರು. ಒಬ್ಬೊಬ್ಬರಿಗೆ ನಾಲ್ಕೈದು ಸಾಲು. ಹುಟ್ಟಿದ ವರ್ಷ, ಬಂದ ಪ್ರಶಸ್ತಿ, ಆಮೇಲೆ 'ಮೈಸೂರಿನ ಹೆಮ್ಮೆಯ ಪುತ್ರ' ಅನ್ನುವ ಮಾತು. ಕ್ರೀಡೆ, ಸಿನಿಮಾ, ಸಂಗೀತ, ಸಾಹಿತ್ಯ, ರಾಜಕೀಯ ಅಂತ ಐದು ಭಾಗ. ಇಂಥ ಪಟ್ಟಿ ಮೊಬೈಲಿನಲ್ಲಿ ಹುಡುಕಿದರೆ ಯಾರಿಗೂ ಸಿಗುತ್ತದೆ. ಓದುಗರು ನಮ್ಮ ಹತ್ತಿರ ಯಾಕೆ ಬರಬೇಕು? ನಿಮ್ಮ ನಲವತ್ತು ಜನರಲ್ಲಿ ಯಾರ ಹೆಸರು ತೆಗೆದು ಆ ಜಾಗಕ್ಕೆ ಧಾರವಾಡದವರೊಬ್ಬರ ಹೆಸರು ಹಾಕಿದರೂ ಲೇಖನದಲ್ಲಿ ಏನೂ ಬದಲಾಗುವುದಿಲ್ಲ. ಅದೇ ನನ್ನ ತಕರಾರು. ಊರಿನ ಬಗ್ಗೆ ಬರೆದ ಲೇಖನದಲ್ಲಿ ಊರೇ ಇಲ್ಲ. ಇವರಿಗೆ ಮೈಸೂರು ಏನು ಕೊಟ್ಟಿತು, ಏನು ಕೊಡಲಿಲ್ಲ, ಯಾರು ಇಲ್ಲೇ ಉಳಿದರು, ಯಾರು ಬಿಟ್ಟು ಹೋಗಬೇಕಾಯಿತು, ಯಾಕೆ ಹೋಗಬೇಕಾಯಿತು, ಇದೊಂದನ್ನು ಹಿಡಿದು ಬರೆದಿದ್ದರೆ ಸಾಕಿತ್ತು.

ಜಾವಗಲ್ ಶ್ರೀನಾಥ್ ಅವರನ್ನೇ ತೆಗೆದುಕೊಳ್ಳಿ. ನಿಮ್ಮ ಮೊದಲ ಹೆಸರು ಅವರದೇ. 'ಮೈಸೂರು ಎಕ್ಸ್‌ಪ್ರೆಸ್ ಎಂದೇ ಖ್ಯಾತರಾದ ಇವರು ಟೆಸ್ಟ್‌ನಲ್ಲಿ 236, ಏಕದಿನದಲ್ಲಿ 315 ವಿಕೆಟ್ ಪಡೆದು ನಾಡಿಗೆ ಕೀರ್ತಿ ತಂದರು' ಎಂದು ಬರೆದು ಮುಗಿಸಿದ್ದೀರಿ. ಲೆಕ್ಕ ಸರಿಯಿದೆ. ಆದರೆ ಮೈಸೂರು ಎಲ್ಲಿ? ಆಗಿನ ಕರ್ನಾಟಕ ತಂಡದ ಕುಂಬ್ಳೆ, ಪ್ರಸಾದ್, ದ್ರಾವಿಡ್ ಎಲ್ಲರೂ ಬೆಂಗಳೂರಿನಲ್ಲಿ ಬೆಳೆದವರು. ಶ್ರೀನಾಥ್ ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಎಸ್‌ಜೆಸಿಇ ಕಾಲೇಜು ಸೇರಿ ಎಂಜಿನಿಯರಿಂಗ್ ಮಾಡುತ್ತಿದ್ದ ಹುಡುಗ. ಮಧ್ಯಮವರ್ಗದ ಮೈಸೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕ ಮಗ ಚೆಂಡು ಹಿಡಿದು ಓಡುತ್ತೇನೆ ಅಂದರೆ ಮನೆಯಲ್ಲಿ ಏನು ಮಾತು ನಡೆದಿರುತ್ತದೆ? ಅವರು ಮೊದಲ ರಣಜಿ ಪಂದ್ಯದಲ್ಲೇ ಹೈದರಾಬಾದ್ ಮೇಲೆ ಹ್ಯಾಟ್ರಿಕ್ ತೆಗೆದರು. ಎರಡು ವರ್ಷದಲ್ಲಿ, 1991ರಲ್ಲಿ, ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಿದರು. 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಮೇಲೆ ಒಂದೇ ಪಂದ್ಯದಲ್ಲಿ 13 ವಿಕೆಟ್ ಕಿತ್ತರು, ಆದರೂ ಭಾರತ ಸೋತಿತು. ಸ್ಪಿನ್‌ಗೆ ಹೆಸರಾದ ದೇಶದಲ್ಲಿ, ರಾಜಧಾನಿಯೂ ಅಲ್ಲದ ಊರಿನಿಂದ ವೇಗದ ಬೌಲರ್ ಒಬ್ಬ ಹೇಗೆ ಬಂದ? ಆಗ ಅವರ ಜೊತೆ ಆಡಿದವರು ಈಗಲೂ ಊರಲ್ಲಿ ಸಿಗುತ್ತಾರೆ. ಮಾನಸಗಂಗೋತ್ರಿ ಮೈದಾನಕ್ಕೆ ಹೋಗಿ ಕೇಳಿ. ವಿಕೆಟ್ ಲೆಕ್ಕಕ್ಕಿಂತ ಅಲ್ಲಿ ಸಿಗುವ ಒಂದು ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ.

ಈಗ ತಪ್ಪುಗಳ ವಿಷಯ. ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ಹುಟ್ಟಿದರು ಎಂದು ಬರೆದಿದ್ದೀರಿ. ಇಲ್ಲ, ಅವರು ಹುಟ್ಟಿದ್ದು 1906ರಲ್ಲಿ ಮದರಾಸಿನಲ್ಲಿ. ಅಪ್ಪ ಇಲ್ಲಿ ಹೆಡ್‌ಮಾಸ್ಟರ್ ಆಗಿದ್ದರು, ಅದಕ್ಕೆ ಬಂದರು. ಮೈಸೂರಿನಲ್ಲಿ ಹುಟ್ಟಿದ್ದು ಅವರ ತಮ್ಮ, ವ್ಯಂಗ್ಯಚಿತ್ರಕಾರ ಲಕ್ಷ್ಮಣ್, 1921ರಲ್ಲಿ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನೂ ಮೈಸೂರಿನವರು ಅಂದಿದ್ದೀರಿ, ಅವರು ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಇನ್ನೊಬ್ಬ ಯೋಗಗುರು ಪಟ್ಟಾಭಿ ಜೋಯಿಸರು ಹಾಸನದ ಕಡೆಯ ಕೌಶಿಕದವರು. ಕುವೆಂಪು ಕುಪ್ಪಳಿಯವರು ಅನ್ನುವುದು ಶಾಲೆ ಮಕ್ಕಳಿಗೂ ಗೊತ್ತು. ನಾರಾಯಣ್ ಕತೆಗಳ ಮಾಲ್ಗುಡಿ ಅಂದರೆ ಮೈಸೂರೇ ಎಂದು ಖಚಿತವಾಗಿ ಬರೆದಿದ್ದೀರಿ, ನಾರಾಯಣ್ ಅದು ಕಲ್ಪನೆಯ ಊರು ಅಂತಲೇ ಹೇಳುತ್ತಿದ್ದರು. ಹೆಸರಾಂತ ವ್ಯಕ್ತಿಗಳ ಬಗ್ಗೆ ಬರೆಯುವಾಗ ಓದುಗರಲ್ಲಿ ಅರ್ಧ ಜನಕ್ಕೆ ವಿಷಯ ಮೊದಲೇ ಗೊತ್ತಿರುತ್ತದೆ. ಒಂದು ತಪ್ಪು ಸಿಕ್ಕರೆ ಉಳಿದ ಮೂವತ್ತೊಂಬತ್ತನ್ನೂ ಅವರು ನಂಬುವುದಿಲ್ಲ.

ಹಾಗಂತ ಇವರನ್ನೆಲ್ಲ ಪಟ್ಟಿಯಿಂದ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಅವರೆಲ್ಲ ಬೇರೆ ಕಡೆಯಿಂದ ಇಲ್ಲಿಗೆ ಬಂದರು ಅನ್ನುವುದೇ ನಿಮ್ಮ ಲೇಖನದ ಜೀವಾಳ ಆಗಬೇಕಿತ್ತು. ಅದನ್ನು ನೀವು ಮುಚ್ಚಿಟ್ಟಿದ್ದೀರಿ. 1933ರ ಹೊತ್ತಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಜಾಗ ಕೊಟ್ಟರು. ಕಲಿಸಲು ಚಿತ್ರದುರ್ಗದ ಕಡೆಯ ತಿರುಮಲೈ ಕೃಷ್ಣಮಾಚಾರ್ಯರು ಇದ್ದರು. ಅಯ್ಯಂಗಾರ್ ಅವರ ಅಕ್ಕನನ್ನು ಕೃಷ್ಣಮಾಚಾರ್ಯರಿಗೆ ಕೊಟ್ಟಿತ್ತು, ಹಾಗಾಗಿ ರೋಗದ ಮೈಯ ಆ ಹುಡುಗ ಭಾವನ ಮನೆಗೆ ಬಂದ. ಮೂರೇ ವರ್ಷಕ್ಕೆ ಪುಣೆಗೆ ಹೋದ. ಅಲ್ಲಿಂದ ಪ್ರಪಂಚಕ್ಕೆಲ್ಲ ಗುರುವಾದ. ಜೋಯಿಸರು ಮಾತ್ರ ಇಲ್ಲೇ ಉಳಿದು ಸಂಸ್ಕೃತ ಪಾಠಶಾಲೆಯಲ್ಲಿ ಕಲಿಸಿದರು. ಲಕ್ಷ್ಮೀಪುರಂ ಮನೆಯಲ್ಲಿ ಕಲಿಸಿದರು, ಆಮೇಲೆ ಗೋಕುಲಂನಲ್ಲಿ. ಇವತ್ತು ಗೋಕುಲಂ ಬೀದಿಯಲ್ಲಿ ಬೆಳಗಾಗುವ ಮೊದಲೇ ಚಾಪೆ ಸುತ್ತಿಕೊಂಡು ಹೋಗುವ ವಿದೇಶಿಯರು, ಅವರಿಗೆ ಬಾಡಿಗೆ ಕೊಡುವ ಮನೆಗಳು, ಎಳನೀರು ಅಂಗಡಿ ಎಲ್ಲ ಆ ಒಬ್ಬರು ಊರು ಬಿಡದೆ ಇದ್ದದ್ದರಿಂದ ಆದದ್ದು. ಒಂದೇ ಗುರುವಿನ ಇಬ್ಬರು ಶಿಷ್ಯರು, ಒಬ್ಬರು ಹೋದರು, ಒಬ್ಬರು ಉಳಿದರು. ಇದನ್ನು ನೀವು ಎರಡು ಬೇರೆ ಬೇರೆ ಪ್ಯಾರಾದಲ್ಲಿ ಹಾಕಿ, ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧವೇ ಇಲ್ಲದ ಹಾಗೆ ಮಾಡಿದ್ದೀರಿ.

ನಾರಾಯಣ್ ಅವರದ್ದೂ ಅಷ್ಟೇ. ಯಾದವಗಿರಿಯ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದ್ದರು. ಗಲಾಟೆ ಆಯಿತು, ಕೆಲಸ ನಿಂತಿತು. ಆಗ ಕೆಲವು ಕನ್ನಡ ಲೇಖಕರೇ ಕೇಳಿದರು, ಕನ್ನಡದಲ್ಲಿ ಬರೆಯದವರ ಮನೆಗೆ ಸರ್ಕಾರ ಯಾಕೆ ದುಡ್ಡು ಹಾಕಬೇಕು ಅಂತ. ಕೊನೆಗೆ 2016ರಲ್ಲಿ ಅದು ಮ್ಯೂಸಿಯಂ ಆಯಿತು. ನಾನು ಆ ಮನೆ ಉಳಿದದ್ದು ಸರಿ ಅನ್ನುವವನು. ನೀವು ಏನನ್ನುತ್ತೀರಿ? ನಿಮ್ಮ ಲೇಖನದಲ್ಲಿ ಎಲ್ಲೂ ನಿಮ್ಮ ಅಭಿಪ್ರಾಯ ಇಲ್ಲ. ವಿಷ್ಣುವರ್ಧನ್ ಬಗ್ಗೆಯೂ ಇಲ್ಲ. 1950ರಲ್ಲಿ ಮೈಸೂರಿನಲ್ಲಿ ಹುಟ್ಟಿ, 2009ರ ಡಿಸೆಂಬರ್ 30ರಂದು ಮೈಸೂರಿನಲ್ಲೇ ತೀರಿಹೋದ ನಟ. ಅವರ ಸ್ಮಾರಕ ಬಾಗಿಲು ತೆರೆಯಲು 2023 ಬರಬೇಕಾಯಿತು. ಹದಿಮೂರು ವರ್ಷ! ಹೆಮ್ಮೆಯ ಪುತ್ರ ಎಂದು ಬರೆದ ಕೈ ಇದನ್ನೂ ಬರೆಯಬೇಕು ಅಲ್ವಾ?

ಲಕ್ಷ್ಮಣ್ ಭಾಗ ನಿಮ್ಮ ಲೇಖನದಲ್ಲಿ ಚೆನ್ನಾಗಿರುವ ಒಂದೇ ಭಾಗ. ಮುಂಬೈನ ಜೆ.ಜೆ. ಕಲಾ ಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ, ಅದಕ್ಕೆ ಮಹಾರಾಜ ಕಾಲೇಜಿಗೆ ಸೇರಿದರು, ಓದುತ್ತಲೇ 'ಕೊರವಂಜಿ' ಪತ್ರಿಕೆಗೆ ಚಿತ್ರ ಬರೆದರು, ಅಣ್ಣನ ಕತೆಗಳಿಗೆ ಚಿತ್ರ ಬರೆದರು ಎಂದು ಬರೆದಿದ್ದೀರಿ. ಇಲ್ಲಿ ಒಬ್ಬ ಹುಡುಗ ಕಾಣುತ್ತಾನೆ. ಊರಿನ ಕಾಲೇಜು, ಕನ್ನಡದ ಹಾಸ್ಯಪತ್ರಿಕೆ, ಮನೆಯಲ್ಲೇ ಇದ್ದ ಲೇಖಕ, ಈ ಮೂರು ಸೇರಿ ಅವನಿಗೆ ಕಲಾ ಶಾಲೆ ಕೊಡದಿದ್ದದ್ದನ್ನು ಕೊಟ್ಟವು. ಆಮೇಲೆ ಅದೇ ಮುಂಬೈನಲ್ಲಿ 1951ರಲ್ಲಿ ಅವರ ವ್ಯಂಗ್ಯಚಿತ್ರಗಳ ಚೌಕಳಿ ಕೋಟಿನ ಶ್ರೀಸಾಮಾನ್ಯ ಹುಟ್ಟಿದ. ಯಾವ ವಿಶೇಷಣವೂ ಇಲ್ಲದೆ ನೀವು ಬರೆದದ್ದು ಇದೊಂದನ್ನೇ. ಉಳಿದ ಕಡೆ ಅಪ್ರತಿಮ, ಅದ್ವಿತೀಯ, ಮೇರು, ದಿಗ್ಗಜ ಅಂತ ಸುಮ್ನೆ ಸುರಿದಿದ್ದೀರಿ. ಅವನ್ನೆಲ್ಲ ಹೊಡೆದುಹಾಕಿ ಓದಿ ನೋಡಿ, ಏನೂ ಕಳೆದುಹೋಗುವುದಿಲ್ಲ.

ಈಗ ನನಗೆ ಜಾಸ್ತಿ ಬೇಜಾರು ತಂದ ವಿಷಯ. ನಲವತ್ತು ಜನರಲ್ಲಿ ಹೆಂಗಸರು ಬರೀ ಮೂವರು. ಮೂವರೂ ನಟಿಯರು. ನೃತ್ಯಕ್ಕೆ ಹೆಸರಾದ ಜಟ್ಟಿ ತಾಯಮ್ಮ ಇಲ್ಲ. ವೆಂಕಟಲಕ್ಷಮ್ಮ ಇಲ್ಲ. ನಿಮ್ಮ ಲೇಖನದಲ್ಲಿ ಕ್ರೀಡೆಯೂ ಇದೆ, ಕಲೆಯೂ ಇದೆ. ಎರಡೂ ಕೂಡಿದ ಮನೆ ಮೈಸೂರಿನಲ್ಲಿ ಒಂದಿತ್ತು, ಅದು ತಾಯಮ್ಮನವರದ್ದು. 1857ರಲ್ಲಿ ಹುಟ್ಟಿದ ತಾಯಮ್ಮನ ಅಪ್ಪ ಅರಮನೆಯ ಕುಸ್ತಿಪಟು. ಮಗಳು ಅಭಿನಯಕ್ಕೆ ಹೆಸರಾದಳು. ಅವರ ಹತ್ತಿರ ಕಲಿಯಲು ಬಂದವಳು ಕಡೂರು ಕಡೆಯ ತಂಗಲಿ ತಾಂಡಾದ ಲಂಬಾಣಿ ಹುಡುಗಿ, ಇನ್ನೂ ಎಂಟು ವರ್ಷದವಳು. ಅವಳೇ ವೆಂಕಟಲಕ್ಷಮ್ಮ. ಮುಂದೆ ಅರಮನೆಯ ಆಸ್ಥಾನ ವಿದುಷಿಯಾದರು. ಅರಮನೆಯ ಕಾಲ ಮುಗಿದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಿದರು. 1992ರಲ್ಲಿ ಪದ್ಮಭೂಷಣ ಬಂತು. ಕುಸ್ತಿ ಮನೆಯ ಮಗಳು, ತಾಂಡಾದ ಹುಡುಗಿ, ಅರಮನೆ, ಆಮೇಲೆ ವಿಶ್ವವಿದ್ಯಾನಿಲಯ. ಮೈಸೂರಿನ ನೂರು ವರ್ಷದ ಕತೆ ಈ ಗುರು ಶಿಷ್ಯೆಯರಲ್ಲೇ ಇದೆ. ಇವರನ್ನು ಬಿಟ್ಟು ಮೈಸೂರಿನ ಕಲಾವಿದರ ಲೇಖನ ಬರೆಯಲು ನಿಮಗೆ ಹೇಗೆ ಮನಸ್ಸು ಬಂತು?

ಕುಸ್ತಿಯ ಮಾತು ಬಂತಲ್ಲ, ನಿಮ್ಮ ಕ್ರೀಡಾ ಭಾಗದಲ್ಲಿ ಗರಡಿ ಮನೆಯ ಒಂದು ಸಾಲೂ ಇಲ್ಲ. ಕ್ರಿಕೆಟ್, ಟೆನಿಸ್ ಅಷ್ಟೇ. ದಸರಾ ಕುಸ್ತಿಗೆ ಜನ ಮುಗಿಬೀಳುವ ಊರು ಇದು. ವಿಜಯದಶಮಿಯ ದಿನ ಅರಮನೆ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಯ ಆಯುಧ ತೊಟ್ಟು ವಜ್ರಮುಷ್ಟಿ ಕಾಳಗ ಆಡುತ್ತಾರೆ, ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. ಟಿವಿಯಲ್ಲಿ ಬರದ ಪೈಲ್ವಾನರು ಮೊಹಲ್ಲಾದಲ್ಲಿ ದೊಡ್ಡ ಹೆಸರು ಮಾಡಿದ್ದಾರೆ. ಹೆಸರುವಾಸಿ ಅನ್ನುವುದನ್ನು ಬರೀ ಟಿವಿಯಿಂದ ಅಳೆಯಬೇಡಿ. ಯಾವುದಾದರೂ ಗರಡಿಗೆ ಸಂಜೆ ಹೊತ್ತು ಹೋಗಿ, ಉಸ್ತಾದರ ಹತ್ತಿರ ಕೂತು, ಅವರ ಕಾಲದಲ್ಲಿ ಊರೇ ನೋಡಲು ಬರುತ್ತಿದ್ದ ಜೋಡಿ ಯಾವುದು ಅಂತ ಕೇಳಿ.

ಜಿಲ್ಲೆಯನ್ನು ಸೇರಿಸಿಕೊಳ್ಳುವುದೋ ಬೇಡವೋ ಎಂದು ಟಿಪ್ಪಣಿಯಲ್ಲಿ ಕೇಳಿದ್ದಿರಿ. ಧಾರಾಳವಾಗಿ ಸೇರಿಸಿ, ಆದರೆ ಊರು ಯಾವುದು ಅಂತ ಬರೆಯಿರಿ. ಪಿಟೀಲು ಚೌಡಯ್ಯನವರು ತಿರುಮಕೂಡಲಿನವರು, ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಆಗ ಮೈಕ್ ಇರಲಿಲ್ಲ, ಪಿಟೀಲಿನ ನಾದ ಹಿಂದೆ ಕೂತವರಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೇ ನಾಲ್ಕು ತಂತಿಯ ಜೊತೆಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿದರು. 'ನಾದಬ್ರಹ್ಮ' ಅಂತ ನೀವು ಬರೆದ ಜಾಗದಲ್ಲಿ ಇದನ್ನು ಬರೆದರೆ ಅವರು ಎಂಥವರು ಅಂತ ತಿಳಿಯುತ್ತದೆ. ಅದೇ ತಿ. ನರಸೀಪುರ ತಾಲೂಕಿನ ಕುರುಬೂರಿನಿಂದ ಬಂದ ಹುಡುಗಿ ಬಿ. ಚೈತ್ರಾ 2025ರ ಜನವರಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದಳು. ಸರ್ಕಾರ ಐದು ಲಕ್ಷ ಘೋಷಿಸಿದಾಗ, ಬೇರೆ ರಾಜ್ಯದವರು ಕೊಡುವುದರ ಮುಂದೆ ಇದು ಕಡಿಮೆಯಾಯಿತು ಅಂತ ಬೇಡ ಅಂದಳು. ನಿಮ್ಮ ಲೇಖನದಲ್ಲಿ ಅವಳಿಲ್ಲ. ಕ್ರಿಕೆಟ್ ಆಡಿದ್ದರೆ ಇರುತ್ತಿದ್ದಳು.

ಇನ್ನೊಬ್ಬನನ್ನು ನೀವು ಬಿಟ್ಟದ್ದು ನನಗೆ ನಂಬಲಾಗಲಿಲ್ಲ. ಸಾಬು. ಹೆಗ್ಗಡದೇವನಕೋಟೆ ಕಾಡಂಚಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ಆನೆ ಹುಡುಗನ ಮೇಲೆ ಸಿನಿಮಾ ಮಾಡಲು ಬಂದ ವಿದೇಶಿ ತಂಡದ ಕಣ್ಣಿಗೆ ಬಿದ್ದ, ಅದು 1937ರಲ್ಲಿ ತೆರೆಗೆ ಬಂತು, ಲಂಡನ್‌ಗೆ ಹೋದ, ಅಲ್ಲಿಂದ ಹಾಲಿವುಡ್‌ಗೆ. ಅಮೆರಿಕದ ಪೌರನಾಗಿ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದ, ಪದಕ ಪಡೆದ. 1963ರಲ್ಲಿ 39 ವರ್ಷಕ್ಕೇ ಹೃದಯಾಘಾತವಾಗಿ ತೀರಿಹೋದ. ಮೈಸೂರು ಸೀಮೆಯಿಂದ ಇಷ್ಟು ದೂರ ಹೋದವರು ಸಿನಿಮಾದಲ್ಲಿ ಇನ್ನೊಬ್ಬರಿಲ್ಲ. ಇವನ ಬಗ್ಗೆ ನಮ್ಮ ಊರಿಗೆ ಎಷ್ಟು ನೆನಪಿದೆ? ಕಾರಾಪುರಕ್ಕೆ ಹೋಗಿ ಕೇಳಿ ಬನ್ನಿ. ಯಾರಿಗೂ ಗೊತ್ತಿಲ್ಲ ಅಂದರೆ ಅದನ್ನೇ ಬರೆಯಿರಿ, ಗೊತ್ತು ಅಂದರೆ ಏನು ಹೇಳಿದರು ಅಂತ ಬರೆಯಿರಿ.

ರಾಜಕಾರಣಿಗಳ ಭಾಗ ಪೂರ್ತಿ ತೆಗೆಯಿರಿ. ಯಾವ ವರ್ಷ ಯಾವ ಖಾತೆ ಅನ್ನುವುದು ಬಿಟ್ಟು ಅಲ್ಲಿ ಬೇರೇನೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಐದು ಜನರನ್ನು ಆರಿಸಿ. ನಾನಾಗಿದ್ದರೆ ತಾಯಮ್ಮ ಮತ್ತು ವೆಂಕಟಲಕ್ಷಮ್ಮ, ಸಾಬು, ಲಕ್ಷ್ಮಣ್, ಶ್ರೀನಾಥ್ ಇವರನ್ನು ಆರಿಸುತ್ತಿದ್ದೆ. ನಿಮ್ಮ ಆಯ್ಕೆ ಬೇರೆ ಇದ್ದರೆ ಅದೇ ಇರಲಿ, ಯಾಕೆ ಅನ್ನುವುದು ನಿಮಗೆ ಗೊತ್ತಿದ್ದರೆ ಸಾಕು. ಭಾಗ ಮಾಡಬೇಡಿ. ಒಬ್ಬರ ಕತೆಯಿಂದ ಇನ್ನೊಬ್ಬರ ಕತೆಗೆ ಊರೇ ದಾರಿ ತೋರಿಸಲಿ, ಅರಮನೆ, ಕಾಲೇಜು, ಮೈದಾನ, ಬೀದಿ ಯಾವುದಾದರೂ ಆಗಬಹುದು. ಒಬ್ಬೊಬ್ಬರಿಗೂ ನೀವೇ ಹೋಗಿ ನೋಡಿದ ಒಂದು ಜಾಗ, ನೀವೇ ಮಾತಾಡಿಸಿದ ಒಬ್ಬ ಮನುಷ್ಯ ಇರಬೇಕು. ಹುಟ್ಟಿದ ಊರು, ವರ್ಷ ಎರಡನ್ನೂ ಪುಸ್ತಕದಲ್ಲಿ ನೋಡಿ ಖಚಿತ ಮಾಡಿಕೊಳ್ಳಿ, ಇಂಟರ್ನೆಟ್ ಪಟ್ಟಿಯನ್ನು ನಂಬಬೇಡಿ.

ದಸರಾ ಸಂಚಿಕೆಗೆ ನಾಲ್ಕು ಪುಟ ಖಾಲಿ ಇಡುತ್ತೇನೆ. ಗಣೇಶ ಹಬ್ಬದೊಳಗೆ ಕಳಿಸಿ, ತಿದ್ದಲು ನಮಗೂ ಸ್ವಲ್ಪ ಸಮಯ ಬೇಕು. ಪೂರ್ತಿ ಆಗದಿದ್ದರೆ ತಾಯಮ್ಮನವರ ಭಾಗವನ್ನಾದರೂ ಮೊದಲು ಕಳಿಸಿ, ಫೋಟೊ ಹುಡುಕುವ ಕೆಲಸ ನಾವು ಈಗಲೇ ಶುರು ಮಾಡುತ್ತೇವೆ.